ಹಳೆಯ ವರ್ಕ್‌ಸ್ಟೇಷನ್‌ಗೆ ಹೊಸ ಕಸುವು

ಫಾರ್ಮ್ಯಾಟ್ ಹೊಡೆಸಿದ್ದಾಯಿತು, ಆಂಟಿವೈರಸ್ ಬದಲಿಸಿದ್ದಾಯಿತು, ಬೇಡದ ಫೈಲುಗಳನ್ನೆಲ್ಲ ಅಳಿಸಿದ್ದೂ ಆಯಿತು. ಆದರೂ ಮದುವೆ ಸೀಸನ್ನಿನಲ್ಲಿ ಕರಿಜ್ಮಾ ಆಲ್ಬಮ್ಮಿನ ಒಂದೊಂದು ಹಾಳೆ ತೆರೆಯುವಾಗಲೂ ಪರದೆಯ ಮೇಲೆ ಆ ಪುಟ್ಟ ವೃತ್ತ ಗಿರಗಿರನೆ ತಿರುಗುತ್ತಲೇ ಇರುತ್ತದೆ. ತಾಲ್ಲೂಕು ಕೇಂದ್ರದ ಫೋಟೊ ಸ್ಟುಡಿಯೊ, ಮುದ್ರಣಾಲಯದ ಡಿಟಿಪಿ ಕೋಣೆ, ಕಟ್ಟಡದ ನಕ್ಷೆ ತಯಾರಿಸುವ ಕಚೇರಿ ಎಲ್ಲ ಕಡೆಯೂ ಇದೇ ಪಾಡು. ಕೊನೆಗೆ ಯಾರೋ ಒಬ್ಬರು ಹೇಳಿಬಿಡುತ್ತಾರೆ: ‘ಮಷೀನ್ ಹಳೇದಾಯ್ತು, ತೆಗೆದು ಹೊಸದು ತಗೊಳ್ಳಿ.’

ಈ ಸಲಹೆ ಕೆಲವು ಸಲ ಸರಿ, ಬಹಳ ಸಲ ಆತುರದ್ದು. ಕಂಪ್ಯೂಟರಿನ ಭಾಗಗಳೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಡಿಸ್ಕ್ ಸೋತಿದ್ದರೂ ಪ್ರೊಸೆಸರಿಗೆ ಇನ್ನೂ ಕಸುವಿರಬಹುದು. ಪ್ರೊಸೆಸರ್ ಗಟ್ಟಿಯಾಗಿದ್ದರೂ ರ‍್ಯಾಮ್ ಸಾಲದಾಗಿರಬಹುದು. ಎಲ್ಲಿ ತಡೆ ಬಿದ್ದಿದೆ ಎಂದು ತಿಳಿಯದೆ ದುಡ್ಡು ಸುರಿದರೆ, ಹೊಸದಾಗಿ ಹಾಕಿಸಿದ ಬಿಡಿಭಾಗವೂ ಹಳೆಯದರ ದಾರಿ ಕಾಯುತ್ತ ಕೂರುತ್ತದೆ. ಆದ್ದರಿಂದ ಅಪ್‌ಗ್ರೇಡ್ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ನಮ್ಮ ಮೇಜಿನ ಮುಂದೆಯೇ, ಅಳತೆಯಿಂದ.

ಕಂಪನಿ ಬಿಟ್ಟದ್ದು, ಊರಿಗೆ ಬಂದದ್ದು

ವರ್ಕ್‌ಸ್ಟೇಷನ್ ಮಾಮೂಲಿ ಮನೆ ಕಂಪ್ಯೂಟರಿಗಿಂತ ಬೇರೆ ಜಾತಿಯದು. ಎಂಜಿನಿಯರಿಂಗ್ ವಿನ್ಯಾಸ, ಅನಿಮೇಷನ್, ವೈಜ್ಞಾನಿಕ ಲೆಕ್ಕಾಚಾರದಂಥ ಹಗಲಿರುಳಿನ ದುಡಿಮೆಗೆಂದೇ ಕಟ್ಟಿದ ಯಂತ್ರ ಇದು. ದೊಡ್ಡ ಕಂಪನಿಗಳು ಇಂಥವನ್ನು ಕೆಲವು ವರ್ಷ ಬಳಸಿ ಬದಲಿಸುತ್ತವೆ. ಹಾಗೆ ಹೊರಬಂದವು ರಿಫರ್ಬಿಶ್ಡ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ನಂಥ ಪೇಟೆಗಳ ಮೂಲಕ ಸಣ್ಣ ಊರುಗಳನ್ನು ತಲುಪುತ್ತವೆ.

ಉದಾಹರಣೆಗೆ 2012ರಲ್ಲಿ ಬಂದ ಎಚ್‌ಪಿ ಝಡ್420 ಅನ್ನೇ ನೋಡೋಣ. ಅದೇ ಕಾಲದ ಡೆಲ್ ಪ್ರಿಸಿಷನ್ ಟಿ3600 ಕೂಡ ಇದರ ಓರಗೆಯದೇ. ಪಕ್ಕದ ಬಾಗಿಲ ಹಿಡಿ ಎಳೆದರೆ ಸ್ಕ್ರೂ ಡ್ರೈವರಿನ ಹಂಗಿಲ್ಲದೆ ಝಡ್420ರ ಒಡಲು ತೆರೆದುಕೊಳ್ಳುತ್ತದೆ. ಒಳಗೆ ಇಂಟೆಲ್ ಝಿಯಾನ್ ಇ5 ಪ್ರೊಸೆಸರ್, ರ‍್ಯಾಮ್‌ಗೆ ಎಂಟು ಸ್ಲಾಟು, ಗ್ರಾಫಿಕ್ಸ್ ಕಾರ್ಡಿಗೆ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳು, ವಿದ್ಯುತ್ ಒದಗಿಸಲು 600 ವಾಟ್‌ನ ಎಸ್‌ಎಂಪಿಎಸ್. ಬಿಡಿಭಾಗ ತೆಗೆದು ಹಾಕುವುದು ಹೇಗೆಂದು ಚಿತ್ರಸಹಿತ ವಿವರಿಸುವ ಸರ್ವಿಸ್ ಕೈಪಿಡಿಯನ್ನು ತಯಾರಕರೇ ಉಚಿತವಾಗಿ ಪ್ರಕಟಿಸಿದ್ದಾರೆ. ಹದಿಮೂರು ವರ್ಷ ದಾಟಿದ ಮೇಲೂ ಈ ಯಂತ್ರದ ಬಗ್ಗೆ ಮಾತಾಡಲು ಸಾಧ್ಯವಾಗಿರುವುದು ಈ ಬಿಚ್ಚುಮನಸ್ಸಿನ ಕಟ್ಟೋಣದಿಂದಲೇ.

ತಡೆ ಎಲ್ಲಿದೆ?

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದನ್ನು ಪರದೆಯ ಮೂಲೆಯಲ್ಲಿಟ್ಟುಕೊಂಡು ನಿಮ್ಮ ದಿನನಿತ್ಯದ, ಎಲ್ಲಕ್ಕಿಂತ ಭಾರದ ಕೆಲಸವನ್ನೇ ಮಾಡಿ. ಆಲ್ಬಮ್ ತೆರೆಯಿರಿ, ವಿಡಿಯೊ ರೆಂಡರ್ ಮಾಡಿ, ದೊಡ್ಡ ನಕ್ಷೆ ತಿರುಗಿಸಿ. ಯಂತ್ರ ತಡವರಿಸಿದ ಗಳಿಗೆಯಲ್ಲಿ ಯಾವ ಅಂಕಿ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ.

ಡಿಸ್ಕ್ ಬಳಕೆ ಶೇಕಡಾ 100 ಮುಟ್ಟಿ, ಪ್ರೊಸೆಸರಿನದು ಶೇಕಡಾ ಹತ್ತೋ ಹದಿನೈದೋ ಇದ್ದರೆ ತಪ್ಪು ಡಿಸ್ಕ್‌ನದು. ಮೆಮೊರಿ ತುಂಬಿಹೋಗಿ, ಅದರ ಬೆನ್ನಿಗೇ ಡಿಸ್ಕ್ ಕೂಡ ಏರಿದರೆ ರ‍್ಯಾಮ್ ಸಾಲದು. ಜಾಗ ಸಾಲದ ಮಾಹಿತಿಯನ್ನು ವಿಂಡೋಸ್ ಡಿಸ್ಕಿಗೆ ಸಾಗಿಸುತ್ತಿದೆ. ಪ್ರೊಸೆಸರಿನ ಎಲ್ಲ ಥ್ರೆಡ್‌ಗಳೂ ತುಂಬಿದ್ದರೆ ಕೋರ್‌ಗಳು ಕಡಿಮೆ. ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಪ್ರೊಸೆಸರ್ ಶೇಕಡಾ ಹನ್ನೆರಡು, ಹದಿಮೂರರಲ್ಲೇ ಅಂಟಿಕೊಂಡು ನಿಂತಿದ್ದರೆ ಅದನ್ನು ‘ಬಿಡುವಾಗಿದೆ’ ಎಂದು ಓದಬಾರದು. ಎಂಟರಲ್ಲಿ ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದೆ, ಉಳಿದ ಏಳಕ್ಕೆ ಕೆಲಸವಿಲ್ಲ ಎಂದು ಅದರ ಅರ್ಥ. ಅಲ್ಲಿ ಬೇಕಾದದ್ದು ಒಂದೊಂದು ಕೋರಿನ ವೇಗ.

ನಾಲ್ಕು ಬಗೆಯ ತಡೆಗೆ ನಾಲ್ಕು ಬೇರೆ ಬೇರೆ ಔಷಧ. ಒಂದರ ಔಷಧ ಇನ್ನೊಂದಕ್ಕೆ ತಾಗುವುದಿಲ್ಲ.

ಮೊದಲು ಧೂಳು

ಬಿಡಿಭಾಗ ಕೊಳ್ಳುವ ಮುಂಚೆ ಹೆಚ್ಚು ದುಡ್ಡು ಬೇಡದ ಕೆಲಸವೊಂದಿದೆ: ಬಿಚ್ಚಿ ಶುಚಿ ಮಾಡುವುದು. ಝಡ್420ರ ಪ್ರೊಸೆಸರಿಗೆ ಇಂಟೆಲ್ ನಿಗದಿಪಡಿಸಿದ ಶಾಖದ ಮಿತಿ 130 ವಾಟ್. ಅಷ್ಟು ಕಾವನ್ನು ಹೊರಗಟ್ಟಬೇಕಾದ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ವರ್ಷಗಟ್ಟಲೆಯ ಧೂಳು ಕಂಬಳಿಯಂತೆ ಕೂತಿರುತ್ತದೆ. ಹೀಟ್‌ಸಿಂಕಿಗೂ ಪ್ರೊಸೆಸರಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿರುತ್ತದೆ. ಕಾವು ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಮಧ್ಯಾಹ್ನ ತೆವಳುವ ಯಂತ್ರ ರಾತ್ರಿ ಚುರುಕಾಗುತ್ತಿದ್ದರೆ ಮೊದಲ ಗುಮಾನಿ ಇದರ ಮೇಲೇ ಇರಲಿ.

ವಿದ್ಯುತ್ ತಂತಿ ಕಿತ್ತು, ಫ್ಯಾನಿನ ರೆಕ್ಕೆಗಳು ತಿರುಗದಂತೆ ಬೆರಳಲ್ಲಿ ಹಿಡಿದು ಗಾಳಿ ಊದಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸದನ್ನು ತೆಳ್ಳಗೆ ಹಚ್ಚಿ. ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಹೊಳೆಯುವ ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿಯನ್ನೂ ಇದೇ ಹೊತ್ತಿನಲ್ಲಿ ಬದಲಿಸಿ. ಆನ್ ಮಾಡಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಅದರ ಕಾರಣ ಸಾಮಾನ್ಯವಾಗಿ ಈ ಬ್ಯಾಟರಿಯೇ.

ತಿರುಗುವ ತಟ್ಟೆಯ ಮಿತಿ

ಹಳೆಯ ವರ್ಕ್‌ಸ್ಟೇಷನ್ನಿನಲ್ಲಿ ಇನ್ನೂ ಹಾರ್ಡ್‌ಡಿಸ್ಕ್ ಮೇಲೇ ವಿಂಡೋಸ್ ಓಡುತ್ತಿದ್ದರೆ ಅಳತೆ ಬಹುತೇಕ ಅದನ್ನೇ ಬೆರಳು ಮಾಡಿ ತೋರಿಸುತ್ತದೆ. ಕಾರಣ ಸರಳ ಲೆಕ್ಕದಲ್ಲೇ ಸಿಗುತ್ತದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ಸೂಜಿಯ ತೋಳು ಆ ಜಾಗಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡು. ಎರಡೂ ಸೇರಿದರೆ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಸಣ್ಣ ತುಣುಕುಗಳನ್ನು ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 80ರಷ್ಟು ಮಾತ್ರ ಹೆಕ್ಕಬಲ್ಲದು. ವಿಂಡೋಸ್ ಆರಂಭವಾಗುವಾಗ, ಫೋಟೊಶಾಪ್ ತೆರೆಯುವಾಗ ಬೇಕಾಗುವುದು ಇಂಥ ಸಾವಿರಾರು ತುಣುಕುಗಳೇ.

ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಇಂಥ ತುಣುಕುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಓದಬಲ್ಲದು. ಉದ್ದದ ಫೈಲನ್ನು ಸೆಕೆಂಡಿಗೆ ಸುಮಾರು 550 ಎಂಬಿಯಂತೆ ಎಳೆಯಬಲ್ಲದು. ಹಾಕುವಾಗ ಒಂದು ಸೂಕ್ಷ್ಮವಿದೆ. ಝಡ್420ರ ಚಿಪ್‌ಸೆಟ್ಟಿನಲ್ಲಿ ಸೆಕೆಂಡಿಗೆ 6 ಗಿಗಾಬಿಟ್ ವೇಗದ ಸಾಟಾ ಪೋರ್ಟುಗಳು ಎರಡೇ. ಉಳಿದವುಗಳ ವೇಗ ಅದರ ಅರ್ಧ. ಕೈಪಿಡಿಯಲ್ಲಿ ನೋಡಿ ಸರಿಯಾದ ಪೋರ್ಟಿಗೇ ಕೇಬಲ್ ಸಿಕ್ಕಿಸಬೇಕು.

ಇನ್ನೂ ಹೆಚ್ಚಿನ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯನ್ನೂ ಅಗ್ಗದ ಅಡಾಪ್ಟರ್ ಕಾರ್ಡಿನ ಮೇಲೆ ಕೂರಿಸಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕಬಹುದು. ಆದರೆ ಆ ಕಾಲದ ಬಯೋಸ್ ಅಂಥ ಡ್ರೈವ್‌ನಿಂದ ನೇರವಾಗಿ ಬೂಟ್ ಆಗುವುದನ್ನು ಅರಿಯದು. ಹಾಗಾಗಿ ವಿಂಡೋಸ್ ಸಾಟಾ ಎಸ್‌ಎಸ್‌ಡಿಯಲ್ಲಿರಲಿ, ಸದ್ಯ ಕೆಲಸ ನಡೆದಿರುವ ಫೈಲುಗಳು ಎನ್‌ವಿಎಂಇಯಲ್ಲಿರಲಿ, ಮುಗಿದ ಕೆಲಸದ ಸಂಗ್ರಹ ಹಾರ್ಡ್‌ಡಿಸ್ಕಿನಲ್ಲಿರಲಿ. ಈ ಹಂಚಿಕೆ ಸ್ಟುಡಿಯೊಗಳಿಗೆ ಚೆನ್ನಾಗಿ ಒಗ್ಗುತ್ತದೆ. ಯಾವುದನ್ನು ಮುಟ್ಟುವ ಮೊದಲೂ ಇಡೀ ಮಾಹಿತಿಯ ಪ್ರತಿ ಯಂತ್ರದ ಹೊರಗೆ ಒಂದಿರಲೇಬೇಕು. ಗ್ರಾಹಕರ ಮದುವೆಯ ಚಿತ್ರಗಳನ್ನು ಮತ್ತೆ ತೆಗೆಯಲಾಗುವುದಿಲ್ಲ.

ರ‍್ಯಾಮ್: ಎಷ್ಟು ಮಾತ್ರವಲ್ಲ, ಯಾವುದು

ಪೇಟೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಕಳಚಿದ ಸರ್ವರುಗಳಿಂದ ಬಂದ ಡಿಡಿಆರ್3 ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಬಹುಪಾಲು ರಿಜಿಸ್ಟರ್ಡ್ ಬಗೆಯದು. ಝಡ್420ಗೆ ತಯಾರಕರು ಸೂಚಿಸಿರುವುದು ಅನ್‌ಬಫರ್ಡ್ ಇಸಿಸಿ, ಗರಿಷ್ಠ 64 ಜಿಬಿ. ಅದರ ಅಣ್ಣನಂತಿರುವ ಝಡ್620 ಮಾತ್ರ ರಿಜಿಸ್ಟರ್ಡ್ ರ‍್ಯಾಮನ್ನೂ ಒಪ್ಪುತ್ತದೆ. ಎರಡೂ ಬಗೆಯವು ನೋಡಲು ಒಂದೇ ಥರ, ಸ್ಲಾಟಿನಲ್ಲಿ ಕೂರುವುದೂ ಒಂದೇ ಥರ. ಆದ್ದರಿಂದ ಸ್ಟಿಕರಿನ ಮೇಲಿನ ಅಕ್ಷರ ಓದಬೇಕು: ‘ಆರ್’ ಇದ್ದರೆ ರಿಜಿಸ್ಟರ್ಡ್, ‘ಇ’ ಇದ್ದರೆ ಅನ್‌ಬಫರ್ಡ್ ಇಸಿಸಿ.

ಹಂಚಿಕೆಯೂ ಮುಖ್ಯ. ಈ ಪ್ರೊಸೆಸರಿಗೆ ರ‍್ಯಾಮ್‌ನತ್ತ ನಾಲ್ಕು ಹಾದಿಗಳಿವೆ. ಡಿಡಿಆರ್3-1600 ರ‍್ಯಾಮ್‌ನಲ್ಲಿ ಒಂದು ಹಾದಿ ಸೆಕೆಂಡಿಗೆ 12.8 ಜಿಬಿ ಸಾಗಿಸಿದರೆ ನಾಲ್ಕೂ ಸೇರಿ 51.2 ಜಿಬಿ. 16 ಜಿಬಿಯನ್ನು 8ರ ಎರಡು ಪಟ್ಟಿಗಳಲ್ಲಿ ಹಾಕಿದರೆ ಎರಡು ಹಾದಿ ಖಾಲಿ ಬೀಳುತ್ತವೆ. 4ರ ನಾಲ್ಕು ಪಟ್ಟಿಗಳಲ್ಲಿ ಹಾಕಿದರೆ ನಾಲ್ಕೂ ದುಡಿಯುತ್ತವೆ.

ಇಸಿಸಿ ಎಂದರೆ ರ‍್ಯಾಮ್‌ನಲ್ಲಿ ಒಂದು ಬಿಟ್ ತಾನಾಗಿ ಉಲ್ಟಾ ಆದರೆ ಗುರುತಿಸಿ ತಿದ್ದುವ ವ್ಯವಸ್ಥೆ. ಇದು ಬರೀ ಪುಸ್ತಕದ ಭಯಕ್ಕೆ ಹುಟ್ಟಿದ್ದಲ್ಲ. ಗೂಗಲ್‌ನ ಸರ್ವರುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇಕಡಾ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ಇಂಥ ದೋಷ ಕಂಡಿತ್ತು. ರಾತ್ರಿಯಿಡೀ ರೆಂಡರ್ ಮಾಡುವವರಿಗೆ, ಲೆಕ್ಕಪತ್ರ ಇಡುವವರಿಗೆ, ಸೇತುವೆಯ ಭಾರ ಲೆಕ್ಕ ಹಾಕುವವರಿಗೆ ಈ ಕಾವಲು ಬೆಲೆಯುಳ್ಳದ್ದು. ಮನೆಬಳಕೆಯ ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಸಿಗದ ಗುಣವೊಂದು ಈ ಹಳೆಯ ಯಂತ್ರದಲ್ಲಿದೆ.

ಕೋರ್ ಹೆಚ್ಚೋ, ವೇಗ ಹೆಚ್ಚೋ

ತೆಂಗಿನ ಮರ ಹತ್ತಿ ಕಾಯಿ ಕೀಳಲು ಹತ್ತು ಆಳು ಕರೆದರೂ ಆ ಮರ ಹತ್ತುವವನು ಒಬ್ಬನೇ. ಗದ್ದೆಯ ಕೊಯ್ಲಿಗೆ ಹತ್ತು ಆಳು ಬಂದರೆ ಹತ್ತು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ. ಬ್ಲೆಂಡರಿನಲ್ಲಿ ಪ್ರೊಸೆಸರ್ ಮೇಲೆ ಮಾಡುವ ರೆಂಡರಿಂಗ್ ಕೊಯ್ಲಿನ ಕೆಲಸ. ಕ್ಯಾಡ್‌ನಲ್ಲಿ ನಕ್ಷೆ ತಿದ್ದುವುದು, ಫೋಟೊಶಾಪಿನ ಹಲವು ಉಪಕರಣಗಳು ಮರ ಹತ್ತುವ ಕೆಲಸ.

ಝಡ್420ರ ಜತೆ ಹೆಚ್ಚಾಗಿ ಬರುತ್ತಿದ್ದ ಇ5-1620ಕ್ಕೆ ನಾಲ್ಕು ಕೋರ್, 3.6 ಗಿಗಾಹರ್ಟ್ಸ್ ಮೂಲ ವೇಗ. 2013ರಲ್ಲಿ ಬಂದ ಇ5-1650 ವಿ2ಗೆ ಆರು ಕೋರ್, 3.5 ಗಿಗಾಹರ್ಟ್ಸ್. ಅದೇ ಸಾಕೆಟ್ಟಿನ ಇ5-2697 ವಿ2ಗೆ ಹನ್ನೆರಡು ಕೋರ್, ಆದರೆ ಮೂಲ ವೇಗ 2.7 ಮಾತ್ರ, ಒಂದೇ ಕೋರ್ ದುಡಿಯುವಾಗಲೂ 3.5ಕ್ಕೆ ನಿಲ್ಲುತ್ತದೆ. ಆಲ್ಬಮ್ ವಿನ್ಯಾಸ ಮಾಡುವವರು ಹನ್ನೆರಡು ಕೋರ್ ಎಂಬ ಸಂಖ್ಯೆಗೆ ಮಾರುಹೋಗಿ ಕೊಂಡರೆ ಮೊದಲಿಗಿಂತ ನಿಧಾನವಾದೀತು. ಎರಡೂ ಬಗೆಯ ಕೆಲಸ ಇರುವವರಿಗೆ ಆರು ಕೋರಿನದೇ ಹದವಾದ ಆಯ್ಕೆ.

ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ. ಯಂತ್ರ ಶುರುವಾಗುವಾಗ ಎಫ್10 ಒತ್ತಿ ಬಯೋಸ್‌ನ ಸಿಸ್ಟಂ ಇನ್ಫರ್ಮೇಷನ್ ಪುಟ ತೆರೆಯಿರಿ. ಅಲ್ಲಿ ಬೂಟ್ ಬ್ಲಾಕ್ ದಿನಾಂಕವಿರುತ್ತದೆ. ಅದು 2013ರದಾಗಿದ್ದರೆ ವಿ2 ಪ್ರೊಸೆಸರುಗಳು ನಡೆಯುತ್ತವೆ, 2011ರದಾಗಿದ್ದರೆ ನಡೆಯುವುದಿಲ್ಲ. ಮಾಮೂಲಿ ಬಯೋಸ್ ಅಪ್‌ಡೇಟಿನಿಂದ ಇದು ಬದಲಾಗದು. ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ಯಂತ್ರಗಳ ಹಣೆಬರಹ ಈ ಒಂದು ಸಾಲಿನಲ್ಲಿ ಬೇರೆಯಾಗುತ್ತದೆ. ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಝಡ್420 ಕೊಳ್ಳಲು ಹೊರಟವರು ಹಣ ಎಣಿಸುವ ಮೊದಲು ಅದನ್ನು ಆನ್ ಮಾಡಿಸಿ ಈ ಪುಟ ನೋಡುವುದು ಲೇಸು.

ಗ್ರಾಫಿಕ್ಸ್ ಮತ್ತು ಅದಕ್ಕೆ ಉಣಿಸುವ ವಿದ್ಯುತ್

ಝಿಯಾನ್ ಇ5 ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇರಲೇಬೇಕು. ಇಂದಿನ ಫೋನುಗಳು ತೆಗೆಯುವ ಎಚ್‌ಇವಿಸಿ ವಿಡಿಯೊ ಈ ಯಂತ್ರಗಳಲ್ಲಿ ತಡೆತಡೆದು ಓಡಲು ಮುಖ್ಯ ಕಾರಣ, ಅವುಗಳ ಜತೆ ಬಂದ ಕಾರ್ಡಿಗೆ ಆ ಸಂಕೇತವನ್ನು ತಾನೇ ಬಿಡಿಸಲು ಬಾರದಿರುವುದು. ಆ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐಗೆ ಎಚ್‌ಇವಿಸಿ ಬಿಡಿಸುವುದು ಗೊತ್ತು. 2021ರ ಆರ್‌ಟಿಎಕ್ಸ್ ಎ2000 ಇನ್ನೂ ಹೊಸದಾದ ಎವಿ1 ಅನ್ನೂ ಬಿಡಿಸುತ್ತದೆ.

ಈ ಎರಡನ್ನು ಹೆಸರಿಸಲು ಕಾರಣ ಅವುಗಳ ಮಿತವಾದ ಹಸಿವು. ಮೊದಲನೆಯದರ ಮಿತಿ 75 ವಾಟ್, ಎರಡನೆಯದರದು 70. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ 75 ವಾಟ್ ಕೊಡುವುದರಿಂದ ಪ್ರತ್ಯೇಕ ಕೇಬಲ್ ಎಳೆಯಬೇಕಿಲ್ಲ. ಇದಕ್ಕಿಂತ ದೊಡ್ಡ ಕಾರ್ಡಿನ ಆಸೆಪಟ್ಟರೆ ಎಸ್‌ಎಂಪಿಎಸ್ ಅಡ್ಡ ಬರುತ್ತದೆ. ಝಡ್420ರ ಎಸ್‌ಎಂಪಿಎಸ್ ತಯಾರಕರ ಸ್ವಂತ ಅಳತೆಯದು, ಅದರ ಕನೆಕ್ಟರೂ ಬೇರೆಯೇ. ಮಾರುಕಟ್ಟೆಯ ಮಾಮೂಲಿ ಎಸ್‌ಎಂಪಿಎಸ್ ತಂದು ಹಾಕಿದರೆ ಕೂರುವುದಿಲ್ಲ.

ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್ ಲೆಕ್ಕವನ್ನೂ ಇಲ್ಲೇ ಹಾಕಬೇಕು. ಅಂಗಡಿಯಲ್ಲಿ ಸಿಗುವ ಸಾಧಾರಣ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. 130ರ ಪ್ರೊಸೆಸರ್, 75ರ ಕಾರ್ಡ್, ಡಿಸ್ಕುಗಳು, ಮಾನಿಟರ್ ಎಲ್ಲ ಸೇರಿ ಅದರೊಳಗೆ ಸುಧಾರಿಸುತ್ತವೆ. 200 ವಾಟ್ ದಾಟುವ ಕಾರ್ಡ್ ಹಾಕಿದರೆ, ರೆಂಡರ್ ನಡುವೆ ಕರೆಂಟು ಹೋದ ಗಳಿಗೆಯಲ್ಲಿ ಯುಪಿಎಸ್ಸೇ ಕೈಚೆಲ್ಲಬಹುದು.

ಯಂತ್ರ ಗಟ್ಟಿ, ತಂತ್ರಾಂಶದ ಗೋಡೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗೋಡೆ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆಂದು ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಅವಧಿ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಮೈಕ್ರೊಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಝಡ್420ರಲ್ಲಿ ಎರಡೂ ಇಲ್ಲ. ಜತೆಗೆ ಇಂಟೆಲ್ 2013ರ ಹ್ಯಾಸ್‌ವೆಲ್ ಪೀಳಿಗೆಯಿಂದ ಸೇರಿಸಿದ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಈ ಪ್ರೊಸೆಸರುಗಳಿಗೆ ತಿಳಿಯದು. ಚಿತ್ರ, ವಿಡಿಯೊ ಸಂಪಾದನೆಯ ಕೆಲವು ಹೊಸ ಆವೃತ್ತಿಗಳು ಅದಿಲ್ಲದೆ ಓಡುವುದಿಲ್ಲ. ನೀವು ಬಳಸುವ ತಂತ್ರಾಂಶದ ಅಗತ್ಯಗಳ ಪಟ್ಟಿಯನ್ನು ಓದಿದ ಮೇಲೆಯೇ ಬಿಡಿಭಾಗಕ್ಕೆ ದುಡ್ಡು ಕೊಡಬೇಕು.

ಲಿನಕ್ಸ್ ಈ ಗೋಡೆಯಲ್ಲಿರುವ ಬಾಗಿಲು. ಡೆಬಿಯನ್, ಉಬುಂಟು, ಮಿಂಟ್ ಮೂರೂ ಈ ಯಂತ್ರಗಳ ಮೇಲೆ ಚೆನ್ನಾಗಿ ಓಡುತ್ತವೆ, ಯೂನಿಕೋಡ್ ಕನ್ನಡವನ್ನು ಅಚ್ಚುಕಟ್ಟಾಗಿ ತೋರಿಸುತ್ತವೆ. ಬ್ಲೆಂಡರ್, ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಬಳಸುವವರಿಗೆ ತೊಡಕಿಲ್ಲ.

ಕನ್ನಡದ ಮುದ್ರಣಾಲಯಗಳಿಗೆ ಇದರಲ್ಲಿ ಇನ್ನೊಂದು ಉಪಯೋಗವಿದೆ. ಎಷ್ಟೋ ಕಡೆ ಇಂದಿಗೂ 2001ರ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಕಟ್ಟಿದ ಪುಸ್ತಕಗಳ ಫೈಲುಗಳಿವೆ. ಮರುಮುದ್ರಣದ ದಿನ ಅವು ತೆರೆಯಲೇಬೇಕು. ರ‍್ಯಾಮ್ ಹೆಚ್ಚಿಸಿದ ವರ್ಕ್‌ಸ್ಟೇಷನ್ನಿನಲ್ಲಿ ಹೊಸ ಲಿನಕ್ಸ್ ಓಡಿಸಿ, ಅದರೊಳಗೆ ಇಂಟರ್ನೆಟ್ ಸಂಪರ್ಕವಿಲ್ಲದ ವರ್ಚುವಲ್ ಮಷೀನಿನಲ್ಲಿ ಹಳೆಯ ವಿಂಡೋಸನ್ನು ಪೇಜ್‌ಮೇಕರ್ ಸಮೇತ ಕಾಪಿಡಬಹುದು. ವೈರಸ್ಸಿನ ಭಯ ಬಹಳಮಟ್ಟಿಗೆ ತಗ್ಗುತ್ತದೆ. ಆ ಪುಸ್ತಕಗಳನ್ನು ನಿಧಾನವಾಗಿ ಯೂನಿಕೋಡಿಗೆ ಸಾಗಿಸಲು ಬೇಕಾದ ಕಾಲಾವಕಾಶವೂ ಸಿಗುತ್ತದೆ.

ಎಲ್ಲಿ ನಿಲ್ಲಿಸಬೇಕು

ಹಳತನ್ನು ಉಳಿಸುವ ಆಸೆ ಹಟವಾಗಬಾರದು. 2022ರ ಆರಂಭದಲ್ಲಿ ಬಂದ, ಇಂಟೆಲ್ ಸಾಲಿನಲ್ಲಿ ತಳಮಟ್ಟದ್ದೆನಿಸುವ ನಾಲ್ಕು ಕೋರಿನ ಐ3-12100, ಹೆಚ್ಚಿನ ಕೆಲಸಗಳಲ್ಲಿ ಆರು ಕೋರಿನ ಇ5-1650 ವಿ2ವನ್ನು ಹಿಂದಿಕ್ಕುತ್ತದೆ. ಐ3ರ ಮೂಲ ಮಿತಿ 60 ವಾಟ್, ಇ5ರದು 130. ಎರಡೂ ಮಿತಿಯಷ್ಟೇ ವಿದ್ಯುತ್ ಬಳಸಿ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ, 70 ವಾಟ್ ವ್ಯತ್ಯಾಸ 168 ಯೂನಿಟ್ ಆಗುತ್ತದೆ. ಆದ್ದರಿಂದ ಎಸ್‌ಎಸ್‌ಡಿ, ರ‍್ಯಾಮ್, ಮಿತ ವಿದ್ಯುತ್ತಿನ ಗ್ರಾಫಿಕ್ಸ್ ಕಾರ್ಡ್ ಇವುಗಳವರೆಗೆ ಹೋಗಬಹುದು. ಪ್ರೊಸೆಸರ್ ಅಗ್ಗಕ್ಕೆ ಸಿಕ್ಕರೆ, ಬೂಟ್ ಬ್ಲಾಕ್ ಒಪ್ಪಿದರೆ, ಅದನ್ನೂ ಬದಲಿಸಬಹುದು. ಮದರ್‌ಬೋರ್ಡ್ ಅಥವಾ ಎಸ್‌ಎಂಪಿಎಸ್ ಬದಲಿಸುವ ಮಾತು ಬಂದಾಗ ನಿಲ್ಲಿಸಿ, ಹೊಸ ಯಂತ್ರದ ಲೆಕ್ಕ ಹಾಕಬೇಕು. ಆಗಲೂ ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಹೊಸದರ ಜತೆ ದುಡಿಯುತ್ತವೆ. ಹಾಕಿದ ಹಣ ಪೂರ್ತಿ ನೀರುಪಾಲಾಗುವುದಿಲ್ಲ.

ಹೊಸದರ ಲೆಕ್ಕವೂ ಈಗ ಮೊದಲಿನಂತಿಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಕಡಿದಾಗಿ ಏರಿತು. ಗ್ರಾಹಕರಿಗೆ ನೇರವಾಗಿ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡಿನ ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ ಕಂಪನಿ ಅದೇ ಡಿಸೆಂಬರಿನಲ್ಲಿ ಪ್ರಕಟಿಸಿತು. ಕೈಯಲ್ಲಿರುವ ಯಂತ್ರ ಇನ್ನೆರಡು ವರ್ಷ ಚೆನ್ನಾಗಿ ದುಡಿದರೆ ಉಳಿಯುವ ಹಣ ಸಣ್ಣದಲ್ಲ.

ಬಿಚ್ಚುವ ಹಕ್ಕು

ಹಣದಾಚೆಗೂ ಒಂದು ಲೆಕ್ಕವಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರೊಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಎಲೆಕ್ಟ್ರಾನಿಕ್ ಕಸ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದದ್ದು ಶೇಕಡಾ 22.3 ಮಾತ್ರ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ಆದರೆ ಯಾವ ಮರುಬಳಕೆ ಘಟಕವೂ ದುಡಿಯುವ ಯಂತ್ರವೊಂದನ್ನು ಮೇಜಿನ ಮೇಲೆ ಉಳಿಸಿದಷ್ಟು ಉಪಕಾರ ಮಾಡಲಾರದು.

ಹಳೆಯ ವರ್ಕ್‌ಸ್ಟೇಷನ್ ಇಷ್ಟು ವರ್ಷ ಬಾಳಲು ಅದರೊಳಗಿನ ಚಿಪ್ಪಿನ ಬಲ ಅರ್ಧ ಕಾರಣ. ಇನ್ನರ್ಧ, ಅದನ್ನು ಕಟ್ಟಿದವರು ಒಂದು ದಿನ ಬೇರೆ ಯಾರೋ ಇದನ್ನು ಬಿಚ್ಚುತ್ತಾರೆ ಎಂದು ಎಣಿಸಿ ಬಾಗಿಲು, ಸ್ಲಾಟು, ಕೈಪಿಡಿ ಇಟ್ಟದ್ದು. ಈಗ ಬರುತ್ತಿರುವ ತೆಳು ಲ್ಯಾಪ್‌ಟಾಪುಗಳಲ್ಲಿ, ಅಂಗೈಯಗಲದ ಡೆಸ್ಕ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದು ಹೆಚ್ಚುತ್ತಿದೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿ, ಅದಕ್ಕೆಂದೇ ಪೋರ್ಟಲ್ ತೆರೆದದ್ದು ಒಳ್ಳೆಯ ಹೆಜ್ಜೆ. ಆದರೆ ಆ ಹಕ್ಕಿಗೆ ಬಲ ಬರುವುದು ಕೊಳ್ಳುವವರ ಬಾಯಿಂದ.

ಮುಂದಿನ ಕಂಪ್ಯೂಟರಿಗೆ ಅಂಗಡಿ ಹೊಕ್ಕಾಗ ಬೆಲೆಗಿಂತ ಮೊದಲು ನಾಲ್ಕು ಪ್ರಶ್ನೆ ಕೇಳೋಣ. ರ‍್ಯಾಮ್ ಹೆಚ್ಚಿಸಲು ಬರುತ್ತದೆಯೇ? ಡಿಸ್ಕ್ ಬದಲಿಸಬಹುದೇ? ಎಸ್‌ಎಂಪಿಎಸ್ ಕೆಟ್ಟರೆ ಬೇರೆ ಕಡೆಯದು ಕೂರುತ್ತದೆಯೇ? ಸರ್ವಿಸ್ ಕೈಪಿಡಿ ಎಲ್ಲರಿಗೂ ಸಿಗುತ್ತದೆಯೇ? ಈ ಪ್ರಶ್ನೆಗಳು ಒಂದು ಊರಿನ ಒಬ್ಬ ಸ್ಟುಡಿಯೊ ಮಾಲೀಕರಿಂದ ಬಂದರೆ ಅಂಗಡಿಯವರು ತಲೆಯಾಡಿಸಿ ಸುಮ್ಮನಾದಾರು. ಊರೂರಿನಿಂದ ಬರತೊಡಗಿದರೆ ಕಂಪ್ಯೂಟರ್ ಕಟ್ಟುವವರು ಉತ್ತರ ಕೊಡಲೇಬೇಕಾಗುತ್ತದೆ.